ಅಕ್ರೋಟಿನ ಮರಕ್ಕೆ ಜಾಮೀನು

ಮದುವೆಯಾದ ಮೂವತ್ತಾರು ವರ್ಷದಲ್ಲಿ ರುಸಾನ ಮೂವತ್ತೈದು ಸಲ ಜಾಮೀನು ನಿಂತಿದ್ದಳು, ಮೂವತ್ತೈದು ಸಲವೂ ಒಂದೇ ಆಸಾಮಿಗೆ. ಆ ಆಸಾಮಿ ಒಮ್ಮೆಯೂ ಮಾತು ಉಳಿಸಿಕೊಂಡಿರಲಿಲ್ಲ. ಮನುಷ್ಯನಾಗಿದ್ದರೆ ಇಷ್ಟು ಹೊತ್ತಿಗೆ ಮುಖ ಮರೆಸಿಕೊಂಡು ಊರು ಬಿಡುತ್ತಿದ್ದ. ಮರವಾದ್ದರಿಂದ ಅಂಗಳದ ನಟ್ಟನಡುವೆ, ಬಾವಿಯಿಂದ ಎಂಟು ಹೆಜ್ಜೆ ಆಚೆಗೆ, ನಾಚಿಕೆಯಿಲ್ಲದೆ ನಿಂತಿತ್ತು.

ಅದು ಅಕ್ರೋಟಿನ ಮರ. ಅದನ್ನು ಯಾರೂ ನೆಟ್ಟದ್ದಲ್ಲ. ಗ್ರಾಬೆಟ್ಸ್ ಊರಿನಲ್ಲಿ ತಲೆ ನೆಟ್ಟಗಿರುವ ಯಾರೂ ಅಕ್ರೋಟು ನೆಡುವುದಿಲ್ಲ. ಮರದ ಬೊಡ್ಡೆ ನೆಟ್ಟವನ ಕತ್ತಿನಷ್ಟು ದಪ್ಪವಾದ ದಿನವೇ ಅವನ ಋಣ ತೀರಿತು ಅನ್ನುವುದು ಹಸುಗೂಸಿಗೂ ಗೊತ್ತು. ಆ ಕೆಲಸವನ್ನು ಕಾಗೆಗಳಿಗೆ ಬಿಟ್ಟಿದ್ದಾರೆ. ರುಸಾನಳ ಗಂಡ ವೆಲ್ಕೊ ಹುಟ್ಟಿದ ವರ್ಷವೇ ಯಾವುದೋ ಕಾಗೆ ಬೀಳಿಸಿದ ಕಾಯಿ ಬಾವಿಯ ಹತ್ತಿರ ಮೊಳೆಯಿತಂತೆ. ಹಾಗಾಗಿ ಮರಕ್ಕೂ ವೆಲ್ಕೊನಿಗೂ ಒಂದೇ ವಯಸ್ಸು, ಅರವತ್ತಮೂರು. ಎರಡೂ ಅಗಲಕ್ಕೆ ಚೆನ್ನಾಗಿ ಬೆಳೆದವು, ಎರಡರದೂ ಗಾಳಿ ಬಂದರೆ ಸದ್ದು ಜಾಸ್ತಿ, ಫಲ ಮಾತ್ರ ಅಷ್ಟಕ್ಕಷ್ಟೆ ಎಂದು ರುಸಾನಳ ಅತ್ತೆ ಬದುಕಿದ್ದಾಗ ಮಗನ ಎದುರಿಗೇ ಹೇಳುತ್ತಿದ್ದಳು.

ಜಾಮೀನು ಅಂದರೆ ಕೋರ್ಟಿನದಲ್ಲ. ಡಿಸೆಂಬರಿನಲ್ಲಿ ಸಂತ ಇಗ್ನಾತನ ಹಬ್ಬದ ಬೆಳಿಗ್ಗೆ ಕಾಯಿ ಬಿಡದ ಮರವನ್ನು ಹೆದರಿಸುವುದು ಅಲ್ಲಿಯ ವಾಡಿಕೆ. ಮನೆಯ ಯಜಮಾನ ಕೊಡಲಿ ಹಿಡಿದು ಹೋಗಿ, ಅದರ ಹಿಂಬದಿಯಿಂದ ಬೊಡ್ಡೆಗೆ ಒಂದು ಕುಟ್ಟಿ, "ಕಾಯಿ ಬಿಡ್ತೀಯೋ, ಕಡೀಲೋ?" ಎಂದು ಕೇಳುತ್ತಾನೆ. ಮರಕ್ಕೆ ಬಾಯಿಲ್ಲ, ಅದಕ್ಕೇ ಮನೆಯವರಲ್ಲಿ ಒಬ್ಬರು ಅದರ ಪಕ್ಕ ನಿಂತು, "ಕಡೀಬೇಡ, ಬರೋ ವರ್ಷ ಬಿಡುತ್ತೆ, ನಾನು ಜಾಮೀನು" ಅನ್ನಬೇಕು. ಹೀಗೆ ಮೂರು ಸಲ. ಮೂರನೆಯ ಜಾಮೀನಿಗೆ ಕೊಡಲಿ ಕೆಳಗಿಳಿಯುತ್ತದೆ, ಎಲ್ಲರೂ ಒಳಗೆ ಹೋಗಿ ಬೀನ್ಸ್ ಕಾಳಿನ ಸಾರು ಕುಡಿಯುತ್ತಾರೆ. ಜಾಮೀನು ಹೇಳುವವರು ಇಲ್ಲದಿದ್ದರೆ ಕಡಿಯಲೇಬೇಕು. ಒಂಟಿಯಾಗಿರುವವರು ಈ ಉಸಾಬರಿಗೇ ಹೋಗುವುದಿಲ್ಲ.

ಊರಿನ ಪ್ಲಮ್ಮಿನ ಮರಗಳೂ ಪೇರ್ ಮರಗಳೂ ಮರ್ಯಾದಸ್ಥರ ಹಾಗೆ ಹೆದರುತ್ತಿದ್ದವು. ವೆಲ್ಕೊನ ಅಕ್ರೋಟಿಗೆ ಮಾತ್ರ ಕಿವಿಯೇ ಇರಲಿಲ್ಲ. ವರ್ಷಕ್ಕೆ ನಲವತ್ತೋ ಐವತ್ತೋ ಕಾಯಿ ಬಿಡುತ್ತಿತ್ತು, ಅದರಲ್ಲಿ ಅರ್ಧ ಒಡೆದರೆ ಒಳಗೆ ಕರಿ ಬೂದಿ. ತೊಂದರೆ ಕೊಡುವುದರಲ್ಲಿ ಮಾತ್ರ ಅದು ಧಾರಾಳಿ. ಅದರ ಎಲೆ ಮಾಡಿನ ದೋಣಿಯಲ್ಲಿ ತುಂಬಿ ಮಳೆನೀರು ಅಡುಗೆಮನೆಗೆ ಇಳಿಯುತ್ತಿತ್ತು. ಬೇರು ಹೊಸಿಲಿನ ಕಲ್ಲನ್ನು ಎತ್ತಿ, ಬಾಗಿಲು ಹಾಕಬೇಕಾದರೆ ಮೊಣಕಾಲು ಕೊಡಬೇಕಾಗಿತ್ತು. ಮೇಲೆ ಕೂತ ಕಾಗೆಗಳು ಗುರಿಯಿಟ್ಟಂತೆ ರಕಿಯಾ ಸಾರಾಯಿ ತುಂಬಿದ ಲೋಟಕ್ಕೇ ಹಿಕ್ಕೆ ಹಾಕುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಅಪರಾಧ ಟೊಮ್ಯಾಟೊದ್ದು. ಅಕ್ರೋಟಿನ ಬೇರು ಹರಿದ ಕಡೆ ಟೊಮ್ಯಾಟೊ ಬದುಕುವುದಿಲ್ಲ. ಪ್ರತಿ ಜುಲೈನಲ್ಲಿ ವೆಲ್ಕೊನ ಗಿಡಗಳು ಹೂ ಬಿಟ್ಟು, ಮಿಡಿ ಕಚ್ಚಿ, ಇನ್ನೇನು ಅನ್ನುವಾಗ ತಲೆ ಬಾಗಿಸಿ ಸಾಯುತ್ತಿದ್ದವು. ಬೇಲಿಯಾಚೆ ಪಕ್ಕದ ಮನೆಯ ಮಿಂಚೊನ ಹಿತ್ತಲಲ್ಲಿ ಒಂದೊಂದು ಹಣ್ಣು ಮಗುವಿನ ತಲೆಯಷ್ಟು. ಅವನ ಅಕ್ರೋಟಿನ ಮರ ಸಾಲುಗಳಿಂದ ದೂರ, ಹಿತ್ತಲಿನ ಆ ತುದಿಗಿತ್ತು. ಬೇಸಿಗೆಯಲ್ಲಿ ಆ ಊರಿನ ಗಂಡಸರು ಒಬ್ಬರನ್ನೊಬ್ಬರು ಅಳೆಯುವುದೇ ಟೊಮ್ಯಾಟೊದಲ್ಲಿ. ಸಹಕಾರಿ ಬೇಸಾಯದಲ್ಲಿ ಮೂವತ್ತು ವರ್ಷ ಟ್ರಾಕ್ಟರು ಓಡಿಸಿದ ವೆಲ್ಕೊ ಮಿಂಚೊನ ಎದುರು ಪೇಟೆಯಿಂದ ತಂದ ಹಣ್ಣು ಕತ್ತರಿಸಬೇಕಾಗಿತ್ತು.

ಇಷ್ಟೆಲ್ಲ ಬೈಗುಳವನ್ನು ವೆಲ್ಕೊ ಎಲ್ಲಿ ಕೂತು ಬೈಯುತ್ತಿದ್ದ ಅಂದರೆ ಅದೇ ಮರದ ಕೆಳಗೆ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಅವನು ಬೇರೆಲ್ಲೂ ಕೂತವನಲ್ಲ. ಅಕ್ರೋಟಿನ ನೆರಳು ಭಾರ, ಅದರಡಿ ಮಲಗಿದರೆ ತಲೆನೋವು ಎಂದು ಎಲ್ಲರಿಗೂ ಹೇಳಿ, ತಾನು ದಿನಾ ಎರಡು ಗಂಟೆ ಅಲ್ಲೇ ಗೊರಕೆ ಹೊಡೆದು, ಎದ್ದು ತಲೆ ಹಿಡಿದುಕೊಂಡು, ನೋಡಿದೆಯಾ ಅಂತ ಹೆಂಡತಿಗೆ ತೋರಿಸುತ್ತಿದ್ದ. ಆಮೇಲೆ ಮಿಂಚೊ ಬರುತ್ತಿದ್ದ, ಇಬ್ಬರೂ ಸಂಜೆಯವರೆಗೆ ಪಗಡೆ ಆಡುತ್ತಿದ್ದರು.

ರುಸಾನಳಿಗೆ ಆ ನೆರಳು ಬೇರೆಯೇ. ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಪ್ರತಿಯೊಂದು ಮೂಲೆಗೂ ಒಂದೊಂದು ಕೆಲಸ ಅಂಟಿಕೊಂಡಿತ್ತು. ಒಲೆಯ ಮುಂದೆ ನಿಂತರೆ ಅಡುಗೆ, ಕೊಟ್ಟಿಗೆಗೆ ಹೋದರೆ ಸಗಣಿ, ಕಿಟಕಿಯ ಹತ್ತಿರ ನಿಂತರೆ ಏನು ನೋಡ್ತೀಯಾ ಅಂತ ಅತ್ತೆ. ಕೆಲಸ ಅಂಟದಿದ್ದ ಜಾಗ ಮರದ ಕೆಳಗೆ ಮಾತ್ರ. ಅಲ್ಲಿ ಮೇಜು ಹಾಕಿಸಿ ಹೊಲಿಗೆ ಮಷೀನು ಇಟ್ಟುಕೊಂಡಳು. ಊರಿನ ಅರ್ಧ ಮದುವೆಬಟ್ಟೆ ಅಲ್ಲೇ ಹೊಲಿದದ್ದು. ಮಗಳು ಮೊದಲು ನಿಂತದ್ದು ಅಲ್ಲಿಯ ಬೇರು ಹಿಡಿದು. ಜುಲೈನಲ್ಲಿ ಡ್ಯಾನ್ಯೂಬ್ ಬಯಲು ಬಾಣಲೆಯಾಗುವಾಗ, ಬಾವಿಯ ನೀರಿನಲ್ಲಿ ಕಾಲದ್ದಿ, ಆ ಹಸಿರು ಕತ್ತಲಲ್ಲಿ ಕೂತರೆ ಅವಳಿಗೆ ಯಾವ ರಾಜನ ಮೇಲೂ ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ. ಕಾಯಿ ಬಿಡಲಿ ಬಿಡದಿರಲಿ, ಅವಳು ಪ್ರತಿ ಡಿಸೆಂಬರಿನಲ್ಲೂ ಗಟ್ಟಿ ದನಿಯಲ್ಲಿ ಸುಳ್ಳು ಜಾಮೀನು ಹೇಳುತ್ತಿದ್ದಳು.

ಮೂವತ್ತೈದನೆಯ ಸಲ ಮಾತ್ರ ಎಡವಟ್ಟಾಯಿತು. ಹಬ್ಬದ ದಿನ ಮೊದಲು ಹೊಸಿಲು ತುಳಿಯುವವನ ಕಾಲ್ಗುಣದ ಮೇಲೆ ವರ್ಷದ ಅದೃಷ್ಟ ನಿಂತಿರುತ್ತದೆ, ಅದಕ್ಕೆ ವೆಲ್ಕೊ ಪ್ರತಿ ಸಲದಂತೆ ಮಿಂಚೊನನ್ನೇ ಕರೆದಿದ್ದ. ಮಿಂಚೊ ಬರುವಾಗ ಕೈಬೀಸಿ ಬಂದಿರಲಿಲ್ಲ, ಬೇಸಿಗೆಯಲ್ಲಿ ಭರಣಿಗೆ ಹಾಕಿದ್ದ ತನ್ನ ಟೊಮ್ಯಾಟೊ ತಂದಿದ್ದ. ಅದನ್ನು ನೋಡಿದ್ದೇ ವೆಲ್ಕೊನಿಗೆ ಮೈ ಉರಿಯಿತು. ಎರಡು ಲೋಟ ಬಿಸಿ ರಕಿಯಾ ಒಳಗೆ ಹೋಗಿದ್ದೂ ಒಂದು ಕಾರಣ. ಕೊಡಲಿ ಎತ್ತಿ ಎರಡು ಸಲ ನೆಟ್ಟಗೆ ಕೇಳಿದವನು, ಮೂರನೆಯ ಸಲ ಮರದ ಕಡೆಯಿಂದ ಹೆಂಡತಿಯ ಕಡೆಗೆ ತಿರುಗಿದ.

"ಮೂವತ್ತೈದು ವರ್ಷದಿಂದ ಹೇಳ್ತಾ ಬಂದಿದೀಯ," ಅಂದ. "ಕೋರ್ಟಲ್ಲಾಗಿದ್ರೆ ನಿನ್ನನ್ನೇ ಒಳಗೆ ಹಾಕ್ತಿದ್ರು. ಇದೇ ಕೊನೆ. ಶಿಲುಬೆ ಹಬ್ಬಕ್ಕೆ ಒಂದು ಮೂಟೆ ಅಕ್ರೋಟು, ಬಾಯಿ ತನಕ. ಇಲ್ಲಾಂದ್ರೆ ಕಡಿಸ್ತೀನಿ. ಮಿಂಚೊ ಸಾಕ್ಷಿ."

"ಆಗಲಿ," ಅಂದಳು ರುಸಾನ. ಬೇರೆ ಏನಾದರೂ ಅಂದಿದ್ದರೆ ಅವತ್ತೇ ಕಡಿಯುವಂತಿದ್ದ. ಶಿಲುಬೆ ಹಬ್ಬ ಸೆಪ್ಟೆಂಬರಿನ ನಡುವಿಗೆ, ಅಕ್ರೋಟು ಆರಿಸುವ ಕಾಲಕ್ಕೆ ಬರುತ್ತದೆ. ಅಲ್ಲಿಯವರೆಗೆ ಗಂಡಸಿನ ಸಿಟ್ಟು ಉಳಿಯುತ್ತದೆಯೇ ಅಂದುಕೊಂಡಳು.

ಉಳಿಯಿತು. ಏಕೆಂದರೆ ವೆಲ್ಕೊ ಅದನ್ನು ಹೆಂಡದಂಗಡಿಯಲ್ಲಿ ಹೇಳಿಕೊಂಡ. ಅಂಗಡಿಯಲ್ಲಿ ಹೇಳಿದ ಮಾತನ್ನು ಉಗುಳುವಂತಿಲ್ಲ, ನುಂಗುವಂತಿಲ್ಲ. ಏಪ್ರಿಲಿನಲ್ಲಿ ಪ್ಲೆವೆನ್ ಕಡೆಯ ಮರದ ವ್ಯಾಪಾರಿಯೊಬ್ಬ ಸುದ್ದಿ ಕೇಳಿ ಬಂದ. ಟೇಪು ಹಿಡಿದು ಬೊಡ್ಡೆಯ ಸುತ್ತಳತೆ ತೆಗೆದ, ಬೆರಳಿನಿಂದ ತಟ್ಟಿದ, ಎಷ್ಟು ಕಪಾಟು ಆಗುತ್ತದೆ ಅಂತ ಗುಣಿಸಿದ, ಹೋಗುವಾಗ ಎದೆಮಟ್ಟಕ್ಕೆ ಸುಣ್ಣದ ಕಡ್ಡಿಯಿಂದ ದೊಡ್ಡ ಗುರುತು ಎಳೆದ. ಶಿಲುಬೆ ಹಬ್ಬ ಮುಗಿದ ವಾರ ಗರಗಸ ತರುತ್ತೇನೆ ಅಂದ. ರುಸಾನ ಮಷೀನಿನ ಮುಂದೆ ಕೂತಾಗಲೆಲ್ಲ ಆ ಬಿಳಿ ಗುರುತು ಕಣ್ಣಿಗೆ ಹೊಡೆಯುತ್ತಿತ್ತು. ಒಂದು ದಿನ ಒದ್ದೆ ಬಟ್ಟೆಯಿಂದ ಉಜ್ಜಿದಳು. ಸುಣ್ಣ ಹೋಯಿತು, ಒತ್ತಿ ಗೀಚಿದ ಗುರುತು ತೊಗಟೆಯಲ್ಲಿ ಉಳಿಯಿತು. ಅವಳಿಗೆ ಅಳು ಬಂತು. ಒಂದು ಮರಕ್ಕೆ ಅಳುವುದು ನಾಚಿಕೆಗೇಡು ಅನ್ನಿಸಿ, ಕಣ್ಣಿಗೆ ಈರುಳ್ಳಿ ನೆಪ ಹೇಳಿದಳು.

ಜುಲೈನಲ್ಲಿ ಕತ್ತು ನೋಯುವವರೆಗೆ ಮೇಲೆ ನೋಡಿ ಹಸಿರು ಕಾಯಿ ಎಣಿಸಿದಳು. ಹನ್ನೊಂದು ಸಿಕ್ಕವು. ಮಾರನೆಯ ದಿನ ಎಣಿಸಿದರೆ ಒಂಬತ್ತು.

ವೆಲ್ಕೊ ಅದೇ ನೆರಳಿನಲ್ಲಿ ಕೂತು, ಈ ಮರ ಹೋದರೆ ಎಲ್ಲೆಲ್ಲಿ ಎಷ್ಟೆಷ್ಟು ಸಾಲು ಟೊಮ್ಯಾಟೊ ಹಾಕಬಹುದು ಅಂತ ಮಿಂಚೊನಿಗೆ ಹೇಳುತ್ತಿದ್ದ. ಮಾತಾಡುತ್ತ ಆಡುತ್ತ ಬಿಸಿಲು ಸರಿದಂತೆ ತನ್ನ ಕುರ್ಚಿಯನ್ನೂ ನೆರಳಿನ ಜೊತೆ ಸರಿಸಿಕೊಳ್ಳುತ್ತಿದ್ದ. ಹಾಗಾದರೆ ಮುಂದಿನ ಬೇಸಿಗೆ ಪಗಡೆ ಎಲ್ಲಾಡೋದು ಅಣ್ಣ ಅಂತ ಮಿಂಚೊ ಒಮ್ಮೆ ಕೇಳಿದ. ವೆಲ್ಕೊ ದಾಳ ಕೈಯಲ್ಲೇ ಹಿಡಿದು, ನಿನ್ನ ಸರದಿ ಅಂದ. ಸರದಿ ಅವನದೇ ಆಗಿತ್ತು.

ಆಗಸ್ಟು ಮುಗಿಯುತ್ತ ಬಂದಾಗ ರುಸಾನ ಎದುರು ಮನೆಯ ಗಿಂಕಾಳ ಹತ್ತಿರ ಹೋದಳು. ಗಿಂಕಾ ಒಳ್ಳೆಯವಳು, ಅಳತೆಯಲ್ಲಿ ಮಾತ್ರ ಕೈ ಬಿಗಿ. ಒಂದು ಬಟ್ಟಲು ಸಕ್ಕರೆ ಕೇಳಿದರೆ ಬಟ್ಟಲನ್ನು ಬೆರಳಿನಿಂದ ತಟ್ಟದೆ ಕೊಡುವವಳು. ಅವಳ ಅಟ್ಟದ ಮೇಲೆ ಹೋದ ವರ್ಷದ ಅಕ್ರೋಟು, ಊರಲ್ಲೇ ಅವಳ ಮನೆಯಲ್ಲಿ ಮಾತ್ರ ಆಗುವ ಬಾದಾಮಿ, ಬೀನ್ಸ್ ಕಾಳು ಎಲ್ಲ ಒಟ್ಟಿಗೆ ಹರಡಿಕೊಂಡು ಒಣಗುತ್ತಿದ್ದವು.

"ಒಂದು ಮೂಟೆ ಬೇಕು," ಅಂದಳು ರುಸಾನ. "ಯಾಕೆ ಅಂತ ಕೇಳ್ಬೇಡ."

"ಕೇಳೋದೇನು, ಊರಿಗೇ ಗೊತ್ತಲ್ಲ," ಅಂದಳು ಗಿಂಕಾ. "ಮರದ ಕೆಳಗೆ ಉದುರಿಸ್ತೀಯಾ?"

"ಉದುರಿಸ್ತೀನಿ."

"ಬೇಗ ಹೇಳ್ಬಾರದಾಗಿತ್ತಾ ಪೆದ್ದಿ. ನನಗೂ ಮಧ್ಯಾಹ್ನ ಕಾಳು ಬಿಡಿಸೋಕೆ ಇರೋದು ಅದೊಂದೇ ತಂಪು ಜಾಗ."

ಬದಲಿಗೆ ರುಸಾನ ಅವಳಿಗೊಂದು ಚಳಿಗಾಲದ ಕೋಟು ಹೊಲಿದು ಕೊಡುವುದೆಂದು ಮಾತಾಯಿತು. ಗುಟ್ಟು ಯಾರಿಗೂ ಹೇಳುವುದಿಲ್ಲ ಅಂತ ಗಿಂಕಾ ಆಣೆ ಮಾಡಿದಳು. ತಂಗಿಗೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಲೂ ಇಲ್ಲ. ತಂಗಿಯೂ ಕೇಳಿದವರಿಗೆ ಮಾತ್ರ ಹೇಳಿದಳು.

ಶಿಲುಬೆ ಹಬ್ಬದ ದಿನ ಬೆಳಿಗ್ಗೆ ವೆಲ್ಕೊ ದ್ರಾಕ್ಷಿ ಕೊಯ್ಲಿಗೆ ಮುಂಚೆ ಪೀಪಾಯಿಗಳನ್ನು ನೆನೆಹಾಕಲು ಅಣ್ಣನ ಮನೆಗೆ ಹೋದ. ಅವನ ಸೈಕಲ್ಲು ತಿರುವು ದಾಟಿದ್ದೇ ಗಿಂಕಾ ಕೈಗಾಡಿ ತಳ್ಳಿಕೊಂಡು ಬಂದಳು. ಮೂಟೆ ನೋಡಿ ರುಸಾನಳ ಎದೆ ಧಸಕ್ಕೆಂದಿತು. ಅದರ ಬಾಯಿಯಿಂದ ಒಂದು ಗೇಣು ಕೆಳಗೇ ಕಾಯಿ ನಿಂತಿತ್ತು.

"ಗಾಡೀಲಿ ಕುಲುಕಿ ಕೆಳಗೆ ಕೂತಿದೆ," ಅಂದಳು ಗಿಂಕಾ, ಬೇರೆ ಕಡೆ ನೋಡುತ್ತ. ಜಗಳಕ್ಕೆ ಹೊತ್ತಿರಲಿಲ್ಲ. ಇಬ್ಬರೂ ಏಪ್ರನ್ನಿನಲ್ಲಿ ತುಂಬಿಕೊಂಡು, ಕೋಳಿಗೆ ಕಾಳು ಹಾಕಿದ ಹಾಗೆ ಮರದ ಸುತ್ತ ಎರಚಿದರು. ಎಲೆಗಳ ಮಧ್ಯೆ ಕೆಲವನ್ನು ಅಡಗಿಸಿದರು, ಎರಡನ್ನು ಗಿಂಕಾ ಮೇಜಿನ ಮೇಲಿಟ್ಟು, ಈಗಷ್ಟೇ ಬಿದ್ದ ಹಾಗೆ ಕಾಣುತ್ತಾ ಅಂತ ದೂರ ನಿಂತು ನೋಡಿದಳು. ಮರ ಮೇಲಿಂದ ಎಲ್ಲವನ್ನೂ ನೋಡುತ್ತಿತ್ತು. ತನ್ನದೊಂದು ಕಾಯನ್ನೂ ಅದು ಸೇರಿಸಲಿಲ್ಲ.

ಮಧ್ಯಾಹ್ನ ಬಂದ ವೆಲ್ಕೊ ಅಂಗಳದಲ್ಲಿ ನಿಂತುಬಿಟ್ಟ. ಸುತ್ತ ನೋಡಿದ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ರುಸಾನ ಅಡುಗೆಮನೆಯ ಕಿಟಕಿಯಲ್ಲಿ ಉಸಿರು ಬಿಗಿಹಿಡಿದು, ಕಣ್ಣುಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ, ಪಾತ್ರೆ ತೊಳೆಯುತ್ತಿದ್ದಳು.

"ಬಿಟ್ಟಿದೆಯಲ್ಲೇ," ಅಂದ ಅವನು.

"ನಾನು ಹೇಳಿರ್ಲಿಲ್ವಾ."

ಅವನು ಮತ್ತೇನೂ ಕೇಳದೆ ಮೂಟೆ ತಂದು ಆರಿಸತೊಡಗಿದ. ಒಂದು ಗಂಟೆ ಆರಿಸಿದ. ಊಟಕ್ಕೆ ಬಂದು ಕೂತು ಬ್ರೆಡ್ಡಿಗೆ ಕೈ ಚಾಚಿದಾಗ ರುಸಾನ ಅವನ ಕೈ ನೋಡಿದಳು, ಅವಳ ಜೀವ ಬಾಯಿಗೆ ಬಂತು.

ಕೈ ಬೆಳ್ಳಗಿತ್ತು.

ಅಕ್ರೋಟಿನ ಹಸಿರು ಸಿಪ್ಪೆಯ ರಸ ಮುಟ್ಟಿದರೆ ಕೈ ಕಪ್ಪಾಗುತ್ತದೆ. ಸೋಪು, ನಿಂಬೆ, ವಿನೆಗರು ಯಾವುದಕ್ಕೂ ಹೋಗುವುದಿಲ್ಲ, ಚರ್ಮವೇ ಬದಲಾಗಬೇಕು. ಸೆಪ್ಟೆಂಬರಿನಿಂದ ಕ್ರಿಸ್‌ಮಸ್ಸಿನವರೆಗೆ ಗ್ರಾಬೆಟ್ಸಿನಲ್ಲಿ ಪಾದ್ರಿಯಿಂದ ಹಿಡಿದು ಟಪಾಲಿನವನವರೆಗೆ ಎಲ್ಲರ ಬೆರಳೂ ಕಪ್ಪು. ಹೊಸದಾಗಿ ಉದುರಿದ ಕಾಯನ್ನು ಒಂದು ಗಂಟೆ ಆರಿಸಿದವನ ಕೈ ಬೆಳ್ಳಗೆ ಇರುವುದುಂಟೇ? ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕೇ? ಗಿಂಕಾಳ ಅಟ್ಟದ ಒಣಕಾಯಿಗೆ ಸಿಪ್ಪೆ ಹೋಗಿ ವರ್ಷವಾಗಿತ್ತು. ಅಕ್ರೋಟಿನ ಊರಿನಲ್ಲೇ ಹುಟ್ಟಿ ಬೆಳೆದ ಇಬ್ಬರು ಹೆಂಗಸರಿಗೂ ಅದು ಹೊಳೆದಿರಲಿಲ್ಲ.

ವೆಲ್ಕೊ ತನ್ನ ಕೈ ನೋಡಿಕೊಳ್ಳಲಿಲ್ಲ. ಸಾರಿಗೆ ಬ್ರೆಡ್ಡು ಅದ್ದಿ ತಿಂದ, ಮೂಟೆ ಇನ್ನೂ ಒಂದು ಗೇಣು ಖಾಲಿಯಿದೆ ಅಂದ. ಒಂದು ಗೇಣು ಅಂದರೂ ಖಾಲಿಯೇ, ಮಾತು ಬಾಯಿ ತನಕ ಅಂತ ಆಗಿತ್ತು. ಮಿಂಚೊ ಸಂಜೆ ಬಂದು ನೋಡುತ್ತಾನೆ, ಅಷ್ಟರಲ್ಲಿ ಉದ್ದ ಕೋಲು ಹಿಡಿದು ಮೇಲಿನ ಕೊಂಬೆಗಳನ್ನು ಬಡಿದು ನೋಡುತ್ತೇನೆ, ಧೂಳು ಬೀಳುತ್ತದೆ, ನೀನು ಗಿಂಕಾಳ ಮನೆಗೆ ಹೋಗಿರು ಅಂತ ಹೇಳಿದ.

ಆ ಮಧ್ಯಾಹ್ನ ರುಸಾನ ಗಿಂಕಾಳ ಅಡುಗೆಮನೆಯಲ್ಲಿ ಕೂತು ಅವಳನ್ನು ಬೈದಳು. ಒಂದು ಗೇಣಿಗಾಗಿ ಅರವತ್ತಮೂರು ವರ್ಷದ ಮರ ಹೋಗುತ್ತಲ್ಲೇ ಅಂದಳು. ಗಿಂಕಾ ಅಳುತ್ತ, ಅಟ್ಟ ಗುಡಿಸಿ ಉಳಿದದ್ದನ್ನೂ ಕೊಡುತ್ತೇನೆ ಅಂದಳು. ಈಗ ಕೊಟ್ಟು ಏನು ಮಾಡಲಿ, ಅವನು ಅಂಗಳದಲ್ಲೇ ಇದ್ದಾನೆ ಅಂದಳು ರುಸಾನ. ಮೇಲಿನ ಕೊಂಬೆಯಲ್ಲಿ ಒಂಬತ್ತು ಕಾಯಿಗಿಂತ ಹೆಚ್ಚಿಲ್ಲವೆಂದು ಅವಳಿಗೆ ಗೊತ್ತಿತ್ತು. ಇನ್ನೊಂದು ವಾರದಲ್ಲಿ ಗರಗಸ ಬರುತ್ತದೆ, ಬರುವ ಜುಲೈನಲ್ಲಿ ತಾನು ತಗಡಿನ ಮಾಡಿನ ಕೆಳಗೆ ಕೂತಿರುತ್ತೇನೆ, ಅಂಗಳದ ತುಂಬ ಟೊಮ್ಯಾಟೊ ಕೆಂಪಗೆ ನಗುತ್ತಿರುತ್ತವೆ ಅಂತ ಕಲ್ಪಿಸಿಕೊಂಡಳು.

ಸಂಜೆ ಮನೆಗೆ ಬಂದರೆ ಮೂಟೆ ಬಾವಿಕಟ್ಟೆಗೆ ಒರಗಿ ನಿಂತಿತ್ತು. ಬಾಯಿ ತನಕ ತುಂಬಿ, ಹಗ್ಗ ಕಟ್ಟಲೂ ಜಾಗವಿಲ್ಲದ ಹಾಗೆ ಉಬ್ಬಿತ್ತು. ಮಿಂಚೊ ಅದರ ಪಕ್ಕದಲ್ಲಿ ಪಂಚಾಯ್ತಿದಾರನ ಹಾಗೆ ಮುಖ ಬಿಗಿದುಕೊಂಡು ನಿಂತಿದ್ದ.

"ನಾನು ಸಾಕ್ಷಿ ಅತ್ತಿಗೆ," ಅಂದ. "ಬಾಯಿ ತನಕ ಇದೆ. ಮರ ಮಾತು ಉಳಿಸ್ಕೊಳ್ತು."

ವೆಲ್ಕೊ ಕೈ ಒರೆಸಿಕೊಳ್ಳುತ್ತಿದ್ದ. ಎರಡು ಕೈಯೂ ಮಣಿಕಟ್ಟಿನವರೆಗೆ ಕಪ್ಪಾಗಿದ್ದವು. ಬಾಣಲೆಯ ತಳ ಉಜ್ಜಿದವನ ಕೈ ಹಾಗೆ. ಆ ಕಪ್ಪು ನೋಡಿದಾಗ ರುಸಾನಳಿಗಾದ ಸಂತೋಷ ಮದುವೆಯ ಉಂಗುರ ನೋಡಿದಾಗಲೂ ಆಗಿರಲಿಲ್ಲ. ಮರ ಕೊನೆಗೂ ಮೇಲೆಲ್ಲೋ ಬಚ್ಚಿಟ್ಟಿದ್ದನ್ನು ಉದುರಿಸಿ ತನ್ನ ಮಾನ ಕಾಪಾಡಿತು ಅಂದುಕೊಂಡಳು. ಬೆಳಗಿನದು ಒಣಕಾಯಿ, ಸಂಜೆಯದು ಹಸಿಕಾಯಿ. ಎರಡೂ ಬೆರೆತಮೇಲೆ ಯಾವ ಕಾಯಿಗೆ ಯಾವ ಕಪ್ಪು ಅಂತ ಯಾರು ಕೇಳುತ್ತಾರೆ? ರಾತ್ರಿ ಮಲಗುವ ಮುಂಚೆ ಹೊರಗೆ ಹೋಗಿ ಬೊಡ್ಡೆಯನ್ನು ಒಮ್ಮೆ ತಟ್ಟಿ ಬಂದಳು.

ಅಲ್ಲಿಂದ ವೆಲ್ಕೊನ ಜಂಬ ಶುರುವಾಯಿತು. ಇಷ್ಟು ವರ್ಷ ತಾನು ಮೆತ್ತಗೆ ಹೆದರಿಸಿದ್ದೇ ತಪ್ಪು, ಮರಕ್ಕೆ ಗಡುವು ಕೊಡಬೇಕು, ಸಾಕ್ಷಿ ಇಡಬೇಕು, ಆಗ ನೋಡಿ ಅಂತ ಅಂಗಡಿಯಲ್ಲಿ ಕಪ್ಪು ಕೈ ಆಡಿಸಿ ಹೇಳಿದ. ಮರದ ವ್ಯಾಪಾರಿ ಗರಗಸ ಹಾಕಿಕೊಂಡು ಬಂದಾಗ, ಫಲ ಬಿಡುವ ಮರ ಕಡಿಯುವುದು ಪಾಪ, ನಿನಗೆ ತಾಯಿ ಹೇಳಿಕೊಟ್ಟಿಲ್ಲವೇ ಅಂತ ಬೈದು ಕಳಿಸಿದ. ಬಡಪಾಯಿ ವ್ಯಾಪಾರಿ ತನ್ನ ತಪ್ಪೇನೆಂದು ತಿಳಿಯದೆ ಕ್ಷಮೆ ಕೇಳಿ ಹೋದ. ಕಾಯಿ ಬಿಡದ ಮರ ಇರುವವರು ಈ ಸಲ ಇಗ್ನಾತನ ಹಬ್ಬಕ್ಕೆ ವೆಲ್ಕೊನೇ ಬಂದು ಹೆದರಿಸಲಿ ಅಂತ ಕರೆದರು. ಆರು ಮನೆಯ ಕರೆ ಬಂತು. ವೆಲ್ಕೊ ಕೊಡಲಿಗೆ ಹೊಸ ಹಿಡಿ ಹಾಕಿಸಿದ.

ರುಸಾನ ಮತ್ತು ಗಿಂಕಾ ಆ ಶರತ್ಕಾಲ ಪೂರ್ತಿ ನಕ್ಕರು. ವೆಲ್ಕೊ ಬಾಗಿಲಾಚೆ ಹೋಗುವುದೇ ತಡ, ಒಬ್ಬಳು ಇನ್ನೊಬ್ಬಳ ಮುಖ ನೋಡುವುದು, ಏಪ್ರನ್ನು ಬಾಯಿಗೆ ತುರುಕಿಕೊಳ್ಳುವುದು. ಗಂಡಸನ್ನು ಬೆಪ್ಪ ಮಾಡುವುದು ಇಷ್ಟು ಸುಲಭ ಅಂತ ಮೊದಲೇ ಗೊತ್ತಿದ್ದರೆ ಅಂದಳು ಗಿಂಕಾ, ಎರಡು ಮೂಟೆ ಹಾಕುತ್ತಿದ್ದೆ ಅಂತಲೂ ಸೇರಿಸಿದಳು. ಊರಿನ ಹೆಂಗಸರೆಲ್ಲ ವೆಲ್ಕೊನನ್ನು ಕಂಡರೆ ಮುಸಿಮುಸಿ ನಗುತ್ತಿದ್ದರು. ರುಸಾನ ಅಂಗಡಿಯ ಮುಂದೆ ಹೋದಾಗ ಗಂಡಸರೂ ನಗುತ್ತಿದ್ದರು. ಅವರಿಗೂ ಸುದ್ದಿ ಮುಟ್ಟಿದೆ, ತನ್ನ ಜಾಣತನಕ್ಕೆ ಮೆಚ್ಚಿ ನಗುತ್ತಿದ್ದಾರೆ ಅಂದುಕೊಂಡು ಅವಳೂ ತಲೆಯಾಡಿಸಿ ನಕ್ಕು ಮುಂದೆ ಹೋಗುತ್ತಿದ್ದಳು. ಒಳಗೊಳಗೆ ಗಂಡನ ಮೇಲೆ ಸ್ವಲ್ಪ ಕನಿಕರವೂ ಬಂದು, ಅವನಿಗೆ ರಾತ್ರಿ ಊಟಕ್ಕೆ ಒಂದು ತುಂಡು ಹೆಚ್ಚು ಬಡಿಸುತ್ತಿದ್ದಳು.

ಮತ್ತೆ ಇಗ್ನಾತನ ಹಬ್ಬ ಬಂತು. ಹಿಂದಿನ ದಿನ ಹಿಮ ಬಿದ್ದು ಅಂಗಳ ಬೆಳ್ಳಗಾಗಿತ್ತು. ರುಸಾನ ಮೂಟೆಯ ಅಕ್ರೋಟು ಒಡೆದು, ಕುಂಬಳಕಾಯಿ ತುರಿಯ ಜೊತೆ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಬೇಯಿಸಲು ಇಟ್ಟಿದ್ದಳು. ಮಿಂಚೊ ಬಲಗಾಲಿಟ್ಟು ಹೊಸಿಲು ದಾಟಿ ಬಂದ. ಬೀದಿ ಕಡೆಯ ಬೇಲಿಯಾಚೆ ಗಿಂಕಾ ಹೊಸ ಕೋಟು ತೋರಿಸಲಿಕ್ಕೆಂದೇ ನಿಂತಿದ್ದಳು. ಫಲ ಬಿಟ್ಟ ಮರವನ್ನು ಹೆದರಿಸುವ ಅಗತ್ಯ ಇರಲಿಲ್ಲ, ಆದರೂ ಅಭ್ಯಾಸ ತಪ್ಪಿಸಬಾರದು ಅಂತ ವೆಲ್ಕೊನೇ ಹೊರಟ. ಆರು ಮನೆಗೆ ಹೋಗುವ ಮುಂಚೆ ಕೈ ಪಳಗಿಸಿಕೊಳ್ಳಲಿ ಅಂತ ರುಸಾನ ನಗು ತಡೆದು ಮರದ ಪಕ್ಕ ಹೋಗಿ ನಿಂತಳು.

ಮೊದಲ ಸಲ ಕುಟ್ಟಿ ಕೇಳಿದ, ಅವಳು ಜಾಮೀನು ಹೇಳಿದಳು. ಎರಡನೆಯ ಸಲವೂ ಹೇಳಿದಳು. ಮೂರನೆಯದಕ್ಕೆ ಕೊಡಲಿ ಎತ್ತಿದವನು ಕುಟ್ಟಲಿಲ್ಲ. ಎರಡು ಹೆಜ್ಜೆ ಹತ್ತಿರ ಬಂದು, ಕೋಟಿನ ಜೇಬಿನಿಂದ ಏನೋ ತೆಗೆದು ಅವಳ ಅಂಗೈಗೆ ಹಾಕಿದ.

ಬಾದಾಮಿ. ಚಿಪ್ಪು ಒಡೆಯದ, ಒಣಗಿದ ಒಂದು ಬಾದಾಮಿ.

"ನಿನ್ನ ಮರ ಬಿಟ್ಟಿದ್ದು," ಅಂದ ತಗ್ಗಿದ ದನಿಯಲ್ಲಿ. "ಯಾವ ಕೊಂಬೇಲಿ ಅಂತ ಮೂರು ತಿಂಗಳಿಂದ ಹುಡುಕ್ತಿದೀನಿ."

ರುಸಾನ ಬಾದಾಮಿ ನೋಡಿದಳು, ಬೇಲಿಯಾಚೆಯ ಕೋಟು ನೋಡಿದಳು, ಗಂಡನ ಮುಖ ನೋಡಿದಳು.

"ಅವತ್ತೇ ಗೊತ್ತಿತ್ತಾ?"

"ಗಿಂಕಾ ಅಳತೆ ಯಾವತ್ತು ಸರಿ ಇತ್ತು? ಒಂದು ಗೇಣು ಕಮ್ಮಿ ಬಂತಲ್ಲ. ಮಿಂಚೊ ಹಿತ್ತಲಲ್ಲಿ ಮೊಣಕಾಲೂರಿ ಆರಿಸಿ ತಂದು ತುಂಬಿಸ್ದೆ." ಅವನು ಕೈ ತೋರಿಸಿದ. ಉಗುರಿನ ಬುಡದಲ್ಲಿ ಇನ್ನೂ ಕಪ್ಪು ಉ‍ಳಿದಿತ್ತು. "ಬರೋ ವರ್ಷ ತರ್ಸೋದಾದ್ರೆ ಸಿಪ್ಪೆ ಸಮೇತ ತರ್ಸು. ಸುಲಿದು ಒಣಗಿಸಿದ ಕಾಯಿ ಉದುರ್ಸೋ ಮರ ಎಲ್ಲಾದ್ರೂ ಇದೆಯೇನೇ?"

ಹಾಗೆ ಹೇಳಿ ಹಿಂದಕ್ಕೆ ಹೋಗಿ, ಕೊಡಲಿಯಿಂದ ಬೊಡ್ಡೆಗೆ ಕುಟ್ಟಿ, ಆರು ಮನೆಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ. "ಕಾಯಿ ಬಿಡ್ತೀಯೋ, ಕಡೀಲೋ?"

ರುಸಾನಳಿಗೆ ಅಂಗಡಿಯ ಮುಂದೆ ಗಂಡಸರು ನಕ್ಕದ್ದು, ತಾನು ತಲೆಯಾಡಿಸಿದ್ದು, ಕನಿಕರಪಟ್ಟು ಬಡಿಸಿದ ಹೆಚ್ಚಿನ ತುಂಡುಗಳು ಎಲ್ಲ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು. ಅದರ ಹಿಂದೆಯೇ, ನೋಯುವ ಮೊಣಕಾಲನ್ನು ಮಿಂಚೊನ ಹಿತ್ತಲಿನ ಮಣ್ಣಿಗೂರಿ, ಟೊಮ್ಯಾಟೊ ಸಾಲುಗಳ ಆಚೆ ಮರದಡಿ ತೆವಳುತ್ತ ಅಕ್ರೋಟು ಆರಿಸುತ್ತಿರುವ ಗಂಡ ಕಣ್ಣ ಮುಂದೆ ಬಂದ. ಬಾದಾಮಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೇ ಇದ್ದಳು. ಗಿಂಕಾ ಬೇಲಿಯ ಮೇಲೆ ಬಗ್ಗಿ, ಏನಾಯ್ತು, ಹೇಳೇ ಅಂದಳು.

"ಅತ್ತಿಗೆ, ಬೇಗ ಹೇಳಿ," ಅಂದ ಮಿಂಚೊ. "ಯಾರೂ ಹೇಳ್ದಿದ್ರೆ ಅಣ್ಣ ಕಡೀಬೇಕಾಗುತ್ತೆ."

ಅದೂ ನಿಜವೇ. ವಾಡಿಕೆ ಅಂದರೆ ವಾಡಿಕೆ. ವೆಲ್ಕೊ ಆಮೇಲೆ ಕೊಡಲಿಯನ್ನು ಬಾವಿಕಟ್ಟೆಗೆ ಒರಗಿಸಿ, ಹಿಮ ತುಳಿದುಕೊಂಡು ಈ ಕಡೆಗೆ ಬಂದು, ಹೆಂಡತಿಯ ಪಕ್ಕದಲ್ಲಿ ಬೊಡ್ಡೆಗೆ ಬೆನ್ನು ಕೊಟ್ಟು ನಿಂತ. ಟೋಪಿ ಸರಿಮಾಡಿಕೊಂಡು, ತಾನು ಇಷ್ಟು ಹೊತ್ತು ನಿಂತಿದ್ದ ಖಾಲಿ ಜಾಗವನ್ನು ನೋಡಿ ಹೇಳಿದ.

"ಕಡೀಬೇಡ ಮಾರಾಯ. ಬಿಡದಿದ್ರೆ ಹಾಳಾಗ್ಲಿ, ಬೇಸಿಗೇಲಿ ಕೂತು ಬೈಯೋಕೆ ಒಂದು ಜಾಗ ಬೇಕಲ್ಲ. ಈ ಸಲ ನಾನು ಜಾಮೀನು."

ಅಲ್ಲಿ ಯಾರೂ ಇರಲಿಲ್ಲ. ಹಿಮದ ಮೇಲೆ ಅವನ ಬೂಟಿನ ಎರಡು ಗುರುತು ಇದ್ದವು, ಕೊಡಲಿ ಬಾವಿಕಟ್ಟೆಗೆ ಒರಗಿತ್ತು. ಇಬ್ಬರೂ ಸಾರು ಆರುತ್ತದೆ ಅಂತ ಒಳಗೆ ಹೋದರು.